ನುಚ್ಚಿಗೆ ಕೊಟ್ಟ ಮಂದಾನಿಲ

ಒಂದು ನಾಯಿಮರಿಗೆ ನಾಲ್ಕು ಜನರ ನಡುವೆ ಬಾಳುವ ರೀತಿಯನ್ನು ಕಲಿಸಿದ ತಪ್ಪಿಗೆ ಈ ಭೂಮಿಯ ಮೇಲೆ ಯಾರಿಗಾದರೂ ಶಿಕ್ಷೆಯಾಗಿದ್ದರೆ ಅದು ನನಗೆ. ಕುಕನೂರಿನ ನಮ್ಮ ಓಣಿಯಲ್ಲಿ ಇಂದು ಆ ನಾಯಿಗಿರುವ ಸ್ಥಾನಮಾನ ನನಗಿಲ್ಲ. ಅದು ಹಾದುಹೋದರೆ ಕಟ್ಟೆಯ ಮೇಲೆ ಕೂತವರು ಕಾಲು ಮಡಚಿ ದಾರಿ ಬಿಡುತ್ತಾರೆ. ನಾನು ಹಾದುಹೋದರೆ, “ಎಲ್ಲೈತ್ರಿ ಸರ ಅದು? ಇವತ್ತು ಕಾಣ್ಲಿಲ್ಲ?” ಎಂದು ವಿಚಾರಿಸುತ್ತಾರೆ. (ನಾನು ಕನ್ನಡದಲ್ಲಿ ಎಂ.ಎ., ಅದೂ ಪ್ರಥಮ ದರ್ಜೆ. ಅದಕ್ಕೆ ತನ್ನ ಹೆಸರು ಯಾವುದೆಂಬುದೇ ಇನ್ನೂ ಸ್ಪಷ್ಟವಿಲ್ಲ.)

ಎಪ್ಪತ್ತೊಂಬತ್ತನೆಯ ಇಸವಿಯ ಮಾತು. ಕುಕನೂರಿನ ಕಾಲೇಜಿನಲ್ಲಿ ಉಪನ್ಯಾಸಕನಾಗಿ ನನಗೆ ಮೂರು ವರ್ಷ ತುಂಬಿದ್ದವು. ಆ ಮೂರು ವರ್ಷವೂ ನಾನು ದೇಹದಿಂದ ಕುಕನೂರಿನಲ್ಲಿಯೂ ಆತ್ಮದಿಂದ ಧಾರವಾಡದಲ್ಲಿಯೂ ವಾಸವಾಗಿದ್ದೆ. ಮಧ್ಯಾಹ್ನ ಕಣ್ಣು ಮುಚ್ಚಿದರೆ ಸಾಕು, ಸಪ್ತಾಪುರದ ಒಂದು ಸಂಜೆ ತಾನೇ ತಾನಾಗಿ ತೆರೆದುಕೊಳ್ಳುತ್ತಿತ್ತು: ಬೆತ್ತದ ಕುರ್ಚಿಗಳು, ಮಾವಿನ ಗಿಡದ ಕೆಳಗೆ ನಾಲ್ವರು ವಿದ್ವಾಂಸರು, ನಡುವೆ ಆರುತ್ತಿರುವ ಚಹಾ, ಕಾವ್ಯದ ಬಗ್ಗೆ ನಾನು ಆಡಿದ ಒಂದು ಮಾತು, ಆ ಮಾತಿನ ತರುವಾಯ ಎಲ್ಲರೂ ಆಲೋಚನೆಗೆ ಬೀಳುವ ಆ ಅಪೂರ್ವ ಮೌನ. ಅಷ್ಟರಲ್ಲಿ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ವಿದ್ವಾಂಸರು ಕುರ್ಚಿಸಹಿತ ಮಾಯವಾಗುತ್ತಿದ್ದರು.

ರೊಟ್ಟಿ ಬಡಿಯುತ್ತಿದ್ದವಳು ನನ್ನ ಹೆಂಡತಿ ಕಳಕಮ್ಮ, ತಾವರಗೇರಾದ ಒಕ್ಕಲುತನದ ಮನೆಯ ಮಗಳು. ಆಕೆಗೆ ಕುಕನೂರು ಹಿಡಿಸಿತ್ತು. ಬಂದ ಮೂರು ತಿಂಗಳಲ್ಲಿ ಇಡೀ ಓಣಿಗೆ ಆಕೆ ಮಗಳಾಗಿದ್ದಳು. ಮೂರು ವರ್ಷವಾದರೂ ಆ ಓಣಿಯಲ್ಲಿ ನನಗೆ ಎದುರು ಮನೆಯವರ ಹೆಸರು ಗೊತ್ತಿರಲಿಲ್ಲ. ಧಾರವಾಡಕ್ಕೆ ವರ್ಗ ಬೇಡಿ ಅರ್ಜಿ ಬರೆದಿದ್ದೇನೆಂದು ತಿಳಿಸಿದ ದಿನ ಆಕೆ ಕೈಯಲ್ಲಿದ್ದ ಹಿಟ್ಟನ್ನು ನಾದುವ ಕೊಣಮಿಗೆಗೆ ಎಸೆದಳು.

“ಅಲ್ರೀ, ಇಲ್ಲಿ ಏನ್ ಕಮ್ಮಿ ಆಗೇತಿ ನಿಮಗ?”

“ಮಾತಾಡಾಕ ಒಬ್ಬ ಮನಿಷಾ ಇಲ್ಲ ಕಳಕಮ್ಮ, ಈ ಊರಾಗ.”

“ಮತ್ತ ನಾ ಯಾರು? ಗ್ವಾದಲಿ ದನಾನ?”

“ಹಂಗಲ್ಲ. ಸಾಹಿತ್ಯ, ವಿಚಾರ...”

“ಮೂರು ವರ್ಷ ಆತು, ಬಾಗಲದಾಗ ನಿಂತು ಯಾರನ್ನರ ‘ಆರಾಮ ಅದೀರೇನ್ರಿ’ ಅಂತ ಕೇಳೀರೇನು? ಮಾತಾಡಾಕ ಮಂದಿ ಇಲ್ಲಂತ, ಮಂದಿ!”

ಈ ವಾದವು ಅಂದಿಗೆ ಅನಿರ್ಣೀತವಾಗಿ ಉಳಿಯಿತು. ಅದನ್ನು ಮುಂದಕ್ಕೆ ಒಯ್ದದ್ದು ನಾಯಿ.

ಮುನಿರಾಬಾದಿನ ಡ್ಯಾಂ ಕಾಲನಿಯಲ್ಲಿ ನನಗೆ ಆಗಾಗ ಇಂಗ್ಲಿಷ್ ಪುಸ್ತಕಗಳನ್ನು ಕೊಡುತ್ತಿದ್ದ ಎಂಜಿನಿಯರರೊಬ್ಬರಿದ್ದರು. ದಸರೆಯ ಮರುವಾರ ಅವರು ದೂರದ ಊರಿಗೆ ವರ್ಗವಾಗಿ ಹೊರಟರು. ಬೀಳ್ಕೊಡಲು ಹೋದ ನನ್ನ ಕೈಗೆ ಆರು ವಾರದ ಒಂದು ನಾಯಿಮರಿಯನ್ನೂ ಮರಿ ಸಾಕುವ ಕ್ರಮವನ್ನು ತಿಳಿಸುವ ಹಳೆಯದೊಂದು ಪುಸ್ತಿಕೆಯನ್ನೂ ಇಟ್ಟರು. ಮರಿಯ ತಾಯಿ ಅಪ್ಪಟ ಅಲ್ಸೇಶಿಯನ್. ತಂದೆ, ಹುಲಿಗಿ ರಸ್ತೆಯ ಅನಾಮಧೇಯ ಸದ್ಗೃಹಸ್ಥ. ಜೋಳದ ರೊಟ್ಟಿಯ ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಸಂದೇಹದಲ್ಲಿ. ಬಸ್ಸಿನಲ್ಲಿ ಅದು ನನ್ನ ತೊಡೆಯ ಮೇಲೆ ನಿದ್ದೆಹೋಗಿ ಉಸಿರಾಡುತ್ತಿದ್ದ ಪರಿಯನ್ನು ಕಂಡು, ಭಾನಾಪುರ ದಾಟುವಷ್ಟರಲ್ಲಿ ನಾನು ಅದಕ್ಕೆ ‘ಮಂದಾನಿಲ’ ಎಂದು ನಾಮಕರಣ ಮಾಡಿದೆ.

ಕಳಕಮ್ಮ ಅದನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡಳು. ಆಮೇಲೆ ಎರಡು ತಾಸು ಇಳಿಸಲಿಲ್ಲ. ಇಳಿಸಿದಾಗ ತನ್ನ ಷರತ್ತನ್ನು ಮುಂದಿಟ್ಟಳು:

“ಧಾರವಾಡಕ್ಕ ನಾ ಬರಬೇಕಂದ್ರ ಇದೂ ಬರಬೇಕು. ಇದನ್ನ ಬಿಟ್ಟು ನಾ ಒಂದ್ ಹೆಜ್ಜಿ ಇಡಂಗಿಲ್ಲ, ಈಗ ಹೇಳೀನಿ.”

ನಾನು ಹರ್ಷದಿಂದ ಒಪ್ಪಿದೆ. ಅಂದಿನಿಂದ ಸಪ್ತಾಪುರದ ಆ ಸಂಜೆಯಲ್ಲಿ ಬೆತ್ತದ ಕುರ್ಚಿಯ ಕೆಳಗೆ ಒಂದು ನಾಯಿಯೂ ಬಂದು ಮಲಗಿತು.

ಧಾರವಾಡದಲ್ಲಿ ನನಗೆಂದು ಗೆಳೆಯನೊಬ್ಬ ಗೊತ್ತುಮಾಡಿದ್ದ ಮನೆ, ತರ್ಕಶಾಸ್ತ್ರದ ನಿವೃತ್ತ ಪ್ರೊಫೆಸರರೊಬ್ಬರ ಹಿತ್ತಲ ಮನೆ. ನಾಯಿಯ ವಿಷಯ ತಿಳಿಸಿ ಬರೆದೆ. ಉತ್ತರ ಬಂತು: ‘ನಾಯಿಯ ಬಗ್ಗೆ ನನ್ನ ಆಕ್ಷೇಪವಿಲ್ಲ. ಅಸಭ್ಯತೆಯ ಬಗ್ಗೆ ಇದೆ. ಬೊಗಳುವ, ಹಾರುವ, ಅತಿಥಿಗಳ ಧೋತರ ಹಿಡಿಯುವ ನಾಯಿ ಬೇಡ. ಫೆಬ್ರುವರಿಯಲ್ಲಿ ಹಂಪಿಗೆ ಹೊರಟಿದ್ದೇನೆ. ದಾರಿಯಲ್ಲಿ ಕುಕನೂರಿಗಿಳಿದು ನವಲಿಂಗ ಗುಡಿಗಳನ್ನೂ ನಿಮ್ಮ ನಾಯಿಯನ್ನೂ ನೋಡುತ್ತೇನೆ. ಒಪ್ಪಿಗೆಯಾದರೆ ಮನೆ ನಿಮ್ಮದು.’

ಹೀಗೆ ನನ್ನ ಧಾರವಾಡವು, ನನ್ನ ವಿದ್ವಾಂಸರು, ನನ್ನ ಚಹಾ, ಆ ಅಪೂರ್ವ ಮೌನ, ಎಲ್ಲವೂ ಒಂದು ಸೇರು ತೂಕದ ಪ್ರಾಣಿಯ ನಡತೆಯ ಮೇಲೆ ನಿಂತವು.

ಪುಸ್ತಿಕೆಯನ್ನು ನಾನು ಪರೀಕ್ಷೆಗೆ ಕೂತವನಂತೆ ಓದಿದೆ. ಅದರ ಸಾರ ಸರಳವಾಗಿತ್ತು: ನಾಯಿ ಕಚ್ಚುವುದು ಸಿಟ್ಟಿನಿಂದಲ್ಲ, ಭಯದಿಂದ, ಭಯಪಡುವುದು ಎಳೆತನದಲ್ಲಿ ಕಾಣದೆ ಉಳಿದದ್ದಕ್ಕೆ. ಆದುದರಿಂದ ಮೊದಲ ಕೆಲವು ತಿಂಗಳಲ್ಲಿ ಮರಿಯು ನೂರು ಬಗೆಯ ಮನುಷ್ಯರನ್ನು ನೋಡಬೇಕು, ನೂರು ಬಗೆಯ ಸದ್ದು ಕೇಳಬೇಕು, ಬಗೆಬಗೆಯ ನೆಲವನ್ನು ತುಳಿಯಬೇಕು. ಪ್ರತಿಯೊಂದರ ಜೊತೆಗೂ ಒಂದು ಸವಿನೆನಪು ಅಂಟಿಕೊಳ್ಳಬೇಕು. ಎಂಥ ಮಾನವೀಯ ದರ್ಶನ! ಕಾಲೇಜಿನ ಹಳೆಯ ಹಾಜರಿ ಪುಸ್ತಕವೊಂದನ್ನು ತಂದು ಗೆರೆ ಎಳೆದು ಶೀರ್ಷಿಕೆ ಬರೆದೆ: ಟೋಪಿಯವರು, ಗಡ್ಡದವರು, ಖಾಕಿಯವರು, ಕಂಬಳಿಯವರು, ಕೊಡ ಹೊತ್ತವರು, ಕೊಡೆ ಹಿಡಿದವರು, ಬುರ್ಖಾದವರು, ಕುಂಟುವವರು, ಕೆಮ್ಮುವವರು, ಕಾರಣವಿಲ್ಲದೆ ನಗುವವರು.

ಆದರೆ ಪುಸ್ತಕ ತೆರೆದ ಮೂರನೆಯ ದಿನ ಮಂದಾನಿಲ ಹಾಲು ಬಿಟ್ಟ. ಒಲೆಯ ಬದಿಗೆ ಹಳೆಯ ಸೀರೆಯ ಮೇಲೆ ಚಪ್ಪಟೆಯಾಗಿ ಮಲಗಿದ. ದನದ ಡಾಕ್ಟರರು ಎರಡು ದಿನ ಬಿಟ್ಟು ಬರುವವರಿದ್ದರು. ಕಳಕಮ್ಮ ಅತ್ತಳು. ನಾನು ಪುಸ್ತಿಕೆಯ ಪುಟಗಳನ್ನು ಮಗುಚಿದೆ. ಹೊತ್ತು ಏರುವಷ್ಟರಲ್ಲಿ ಎದುರು ಮನೆಯ ಮುದುಕಿ (ಹೆಸರು ಫಕೀರಮ್ಮ ಎಂದು ಅಂದೇ ತಿಳಿದದ್ದು) ಕಾಳು ಕೇರುವ ಮೊರವೊಂದನ್ನು (ನಮ್ಮ ಕಡೆಯ ಮಾತಿನಲ್ಲಿ ಮರ) ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬಂದಳು. ಫಕೀರಮ್ಮ ಸೂಲಗಿತ್ತಿ. ಅರ್ಧ ಓಣಿ ಆಕೆಯ ಕೈಯಲ್ಲಿ ಹುಟ್ಟಿದ್ದು. ಉಳಿದರ್ಧ ಆಕೆಯ ಬೈಗಳು ತಿಂದು ಬೆಳೆದದ್ದು.

ನಮ್ಮ ಸೀಮೆಯಲ್ಲಿ ಕೂಸು ಉಳಿಯಲಾರದೆಂಬ ಅಂಜಿಕೆ ಹುಟ್ಟಿದರೆ ಅದನ್ನು ಮರದಲ್ಲಿ ಮಲಗಿಸಿ, ಒಂದು ಬೊಗಸೆ ನುಚ್ಚು ಪಡೆದು, ಬೇರೊಬ್ಬರಿಗೆ ಕೊಟ್ಟುಬಿಡುವ ರೂಢಿಯುಂಟು. ಹುಡುಕಿಕೊಂಡು ಬಂದ ಸಾವಿಗೆ ವಿಳಾಸ ತಪ್ಪಲಿ ಎಂಬ ಉಪಾಯ. ಕೂಸು ಚೇತರಿಸಿಕೊಂಡಮೇಲೆ ಹೆತ್ತವರು ಐದು ಬೊಗಸೆ ಜೋಳ ಸುರಿದು ಬಿಡಿಸಿಕೊಳ್ಳುತ್ತಾರೆ. ಅಲ್ಲಿಯವರೆಗೆ ಕೂಸು ಕೊಂಡವರದು. ಹೆತ್ತವರು ಬರಿಯ ಸಾಕುವವರು.

ಫಕೀರಮ್ಮ ಮರಿಯನ್ನು ಮರದಲ್ಲಿಟ್ಟು ನುಚ್ಚನ್ನು ನನ್ನ ಮುಂದೆ ಹಿಡಿದಳು. ಬಾಗಿಲಲ್ಲಿ ಓಣಿ ನೆರೆದಿತ್ತು.

“ಮಾಸ್ತರ್ರ, ಇದನ್ನ ಇಸ್ಕೊಂಡು ಮೂರು ಸಲ ‘ಕೊಟ್ಟೆ’ ಅನ್ರಿ.”

“ಫಕೀರಮ್ಮ, ಇದು ಮೂಢನಂಬಿಕೆ.”

“ಇರ್ಲಿ ಬಿಡ್ರಿ. ನಿಮ್ಮ ನಂಬಿಕಿ ಯಾರಿಗೆ ಬೇಕಾಗೇತಿ? ಬಾಯಿ ಅಷ್ಟ ಸಾಕು.”

ಕಳಕಮ್ಮ ನನ್ನನ್ನು ನೋಡಿದಳು. ಆ ನೋಟದ ಎದುರು ಎಂಥ ವೈಚಾರಿಕತೆಯೂ ಎರಡು ಹೆಜ್ಜೆ ಹಿಂದೆ ಸರಿಯುತ್ತದೆ. ಬೊಗಸೆಯೊಡ್ಡಿ, “ಕೊಟ್ಟೆ, ಕೊಟ್ಟೆ, ಕೊಟ್ಟೆ” ಎಂದೆ. ಎಂದವನೇ ಒಳಗೆ ಹೋಗಿ ಹಾಜರಿ ಪುಸ್ತಕದಲ್ಲಿ ನಮೂದಿಸಿದೆ: ‘ಮನುಷ್ಯರು: ಮುದುಕಿ, ಒಂದು. ನೆಲ: ಬಿದಿರಿನ ಮರ. ಫಲಿತಾಂಶ: ಮರಿ ಬೆದರಲಿಲ್ಲ.’

ಮರುದಿನ ಬೆಳಿಗ್ಗೆ ಮಂದಾನಿಲ ಒಂದು ಬಟ್ಟಲು ಹಾಲು ಕುಡಿದು, ಬಟ್ಟಲನ್ನೂ ಸ್ವಲ್ಪ ಕಡಿದ. (ನಾನು ಗ್ಲೂಕೋಸ್ ನೀರು ಕುಡಿಸಿದ್ದೆ ಎಂಬುದನ್ನು ಓಣಿಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.) ಫಕೀರಮ್ಮ ಬಂದು ಅದರ ಹಣೆ ನೀವಿ, “ನುಚ್ಚಿಗೆ ತಗೊಂಡೀನಿ, ಇದರ ಹೆಸರು ನುಚ್ಯಾ” ಎಂದು ಘೋಷಿಸಿದಳು. ಮಂದಾನಿಲ ಎಂಬುದನ್ನು ಒಮ್ಮೆ ಹೇಳಲು ಯತ್ನಿಸಿ, ನಾಲಿಗೆ ಹೊರಳದೆ ಕೈಬಿಟ್ಟಳು. ಹೋಗುವಾಗ ಹೊಸ್ತಿಲಲ್ಲಿ ನಿಂತು ಹೇಳಿದಳು:

“ಮಾಸ್ತರ್ರ, ಇದರ ಹಾಲಹಲ್ಲು ಬೀಳೋದ್ರೊಳಗ ಐದು ಬೊಗಸಿ ಜ್ವಾಳ ತಂದು ಬಿಡಿಸ್ಕೊಳ್ರಿ. ಹಲ್ಲು ಬಿದ್ದ ಮ್ಯಾಲ ಬಿಡಿಸಾಕ ಬರಂಗಿಲ್ಲ ಮತ್ತ.”

ಇಲ್ಲಿ ನಾನು ಪ್ರಮಾದ ಮಾಡಿದೆ. ಸುಮ್ಮನೆ ‘ಹೂಂ’ ಎನ್ನುವುದನ್ನು ಬಿಟ್ಟು ಉಪನ್ಯಾಸ ಕೊಟ್ಟೆ. ಕೊಟ್ಟದ್ದೇ ಮಿಥ್ಯೆಯಾದಮೇಲೆ ಬಿಡಿಸಿಕೊಳ್ಳುವುದು ಇನ್ನೊಂದು ಮಿಥ್ಯೆಯಾಗುತ್ತದೆಂದೂ, ವಿದ್ಯಾವಂತನು ಒಮ್ಮೆ ಮೂಢನಂಬಿಕೆಗೆ ಬಾಗಿದರೆ ದಾಕ್ಷಿಣ್ಯ, ಎರಡು ಸಲ ಬಾಗಿದರೆ ಅಪರಾಧವೆಂದೂ, ಆದಕಾರಣ ನನ್ನ ಮನೆಯಿಂದ ಒಂದು ಕಾಳು ಜೋಳವೂ ಆ ಮರಕ್ಕೆ ಬೀಳಲಾರದೆಂದೂ ವಿವರಿಸಿದೆ. ಫಕೀರಮ್ಮ ಪೂರ್ತಿ ಕೇಳಿ, “ಭಾಳ ಛಲೋ ಮಾತಾಡ್ತೀರಿ” ಎಂದು ಹೋದಳು. ಕಳಕಮ್ಮ ಏನೂ ಅನ್ನಲಿಲ್ಲ. ಆಕೆ ಏನೂ ಅನ್ನದಿದ್ದಾಗ ಗಂಡನಾದವನು ಎಚ್ಚರಗೊಳ್ಳಬೇಕು. ನಾನು ಪುಸ್ತಕಕ್ಕೆ ಗೆರೆ ಎಳೆಯುತ್ತಿದ್ದೆ.

ಪಾಠಗಳು ಮನೆಯಿಂದಲೇ ಆರಂಭವಾದವು.

“ಕಳಕಮ್ಮ, ಅಂಗಳದಾಗ ನಿಂತು ಈ ಕೊಡಿ ಒಮ್ಮೆಲೆ ಬಿಚ್ಚು.”

“ಇಷ್ಟ ಬಿಸಲಾಗ? ನೋಡಿದವರು ಏನಂದಾರು?”

“ಕೊಡಿ ಕಂಡ್ರ ನಾಯಿ ಅಂಜಬಾರದು. ಬಿಚ್ಚಿದ ಮ್ಯಾಲ ಬೆಲ್ಲ ಕೊಡು.”

“ಯಾರಿಗೆ?”

“ನಾಯಿಗೆ!”

“ಬಿಸಲಾಗ ನಿಂತಾಕಿ ನಾ, ಬೆಲ್ಲ ಅದಕ್ಕ! ಆತು, ಇನ್ನೇನ್ ಐತಿ ಪಾಠದಾಗ?”

“ನನ್ನ ಕೋಟು ಹಾಕ್ಕೊಂಡು, ಟೋಪಿ ಇಟ್ಕೊಂಡು, ಗಂಡಸಿನಂಗ ಕೆಮ್ಮಬೇಕು.”

ಕಳಕಮ್ಮ ಕೋಟು ತೊಟ್ಟಳು, ಟೋಪಿ ಇಟ್ಟಳು, ಸೊಂಟದ ಮೇಲೆ ಕೈಯಿಟ್ಟು ಹುಬ್ಬೇರಿಸಿ, “ಈ ಊರಾಗ ಮಾತಾಡಾಕ ಒಬ್ಬ ಮನಿಷಾ ಇಲ್ಲ!” ಎಂದು ಗಡಸು ದನಿಯಲ್ಲಿ ಗುಡುಗಿದಳು. ಗೋಡೆಯಾಚೆ ಯಾರೋ ಬಿದ್ದುಬಿದ್ದು ನಕ್ಕರು. ಮರಿ ಬಾಲವಾಡಿಸಿತು. ಪುಸ್ತಕದಲ್ಲಿ ‘ಕಾರಣವಿಲ್ಲದೆ ನಗುವವರು’ ಎಂಬ ಶೀರ್ಷಿಕೆಯ ಕೆಳಗೆ ಒಂದು ಗುರುತು ಹಾಕಿಕೊಂಡೆ.

ಬಳಿಕ ಓಣಿಗಿಳಿದೆವು. ಮರಿಯನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗವಚಿಕೊಂಡು, ಕಿಸೆಯಲ್ಲಿ ಬೆಲ್ಲದ ಚೂರು ತುಂಬಿಕೊಂಡು, ಮೂರು ವರ್ಷದಿಂದ ತಲೆತಗ್ಗಿಸಿ ಹಾದುಹೋದ ಮನೆಗಳ ಮುಂದೆ ನಿಂತು, “ಸ್ವಲ್ಪ ಇದನ್ನ ಮುಟ್ರಿ” ಎಂದು ನಾನು ಬೇಡಬೇಕಾಯಿತು. ನಮ್ಮೂರಲ್ಲಿ ಹೊಸ್ತಿಲಿಗೆ ಬಂದವರನ್ನು ಚಹಾ ಇಲ್ಲದೆ ಕಳಿಸುವ ಪದ್ಧತಿಯಿಲ್ಲ. ಟೋಪಿಯವರ ಮನೆಯಲ್ಲಿ ಅರ್ಧ ಕಪ್, ಗಡ್ಡದವರ ಮನೆಯಲ್ಲಿ ಅರ್ಧ ಕಪ್, ಕೆಮ್ಮುವವರ ಮನೆಯಲ್ಲಿ ಶುಂಠಿ ಹಾಕಿದ ಅರ್ಧ ಕಪ್. ಒಂದು ನಾಯಿಗೆ ಸಮಾಜವನ್ನು ಪರಿಚಯಿಸುವುದೆಂದರೆ ದಿನಕ್ಕೆ ಹನ್ನೊಂದು ಅರ್ಧ ಕಪ್ ಎಂಬುದು ಪುಸ್ತಿಕೆಯಲ್ಲಿ ಇರಲಿಲ್ಲ.

ಸೈಕಲ್ ರಿಪೇರಿಯ ನಜೀರಸಾಬನ ಅಂಗಡಿ ‘ಸದ್ದು’ ಎಂಬ ಅಧ್ಯಾಯಕ್ಕೆ ವಿಶ್ವವಿದ್ಯಾಲಯದಂತಿತ್ತು.

“ನಜೀರಸಾಬ, ಒಂದ್ಸಲ ಹಾರ್ನ್ ಒತ್ತು.”

“ಮೊದಲ ಚಹಾ ಬರ್ಲಿ ತಡೀರಿ ಸರ. ನುಚ್ಯಾ, ಬಾ ಮಗನ, ಪಂಪ್ ಹೊಡಿತೀನಿ, ಗಾಳಿ ಹೆಂಗ ಮಾತಾಡ್ತೈತಿ ಕೇಳು.”

ಟಪಾಲಿನ ಓಬಳೆಪ್ಪನನ್ನು ನಾನು ವಿಶೇಷವಾಗಿ ಕಾದಿದ್ದೆ. ಖಾಕಿಯವರನ್ನು ಕಂಡರೆ ನಾಯಿಕುಲಕ್ಕೆ ಪರಂಪರಾಗತ ದ್ವೇಷವೆಂದು ಪುಸ್ತಿಕೆ ಎಚ್ಚರಿಸಿತ್ತು. ಮೂರು ದಿನ ಆತನ ಕೈಯಿಂದಲೇ ಬೆಲ್ಲ ತಿನ್ನಿಸಿದೆ. ನಾಲ್ಕನೆಯ ದಿನ ಮರಿ ಆತನ ಟಪಾಲು ಚೀಲದೊಳಗೆ ಕೂತು, ತಲೆಯಷ್ಟೇ ಹೊರಗಿಟ್ಟು, ಊರಿಗೆಲ್ಲ ಕಾಗದ ಹಂಚಲು ಹೋಯಿತು. ಐದನೆಯ ದಿನ ಓಬಳೆಪ್ಪ ತಾನೇ ಬಂದು ಕೇಳಿದ: “ಸರ, ನುಚ್ಯಾ ಎದ್ದಾನೇನ್ರಿ? ಇವನಿಲ್ಲದ ಬೀಟು ಬ್ಯಾಸರ ಆಗ್ತೈತಿ.”

ಇನ್ನು ಸಂಜೆಗಳು. ಆ ಸಂಜೆಗಳ ಬಗ್ಗೆ ನಾನು ಹಾಸ್ಯವಾಗಿ ಬರೆಯಲಾರೆ. ಊರ ಹೊರಗಿನ ಕರಿಮಣ್ಣಿನ ಎರಿ ಹೊಲದ ದಾರಿಯಲ್ಲಿ ಹೊನ್ನೂರಪ್ಪನೆಂಬ ಕುರುಬ ಕುರಿಗಳನ್ನು ಮರಳಿ ತರುತ್ತಿದ್ದ. ಕಂಬಳಿಯವರು ಎಂಬ ಶೀರ್ಷಿಕೆಗಾಗಿ ಒಮ್ಮೆ ಅಲ್ಲಿಗೆ ಹೋದೆವು. ಆ ಗುರುತು ಮೊದಲ ದಿನವೇ ಬಿದ್ದಿತ್ತು; ಆದರೂ ದಿನಾಲು ಹೋದೆವು. ಜೋಳದ ತೆನೆ ಹಾಲುಗಾಳು ಕಟ್ಟಿತ್ತು. ಗಾಳಿ ಬೀಸಿದರೆ ಇಡೀ ಬಯಲು ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ ಸದ್ದು. ಇನ್ನೂರು ಕುರಿಗಳ ಧೂಳು ಮುಳುಗುವ ಬೆಳಕಿನಲ್ಲಿ ಬಂಗಾರದ ಹಿಟ್ಟಿನಂತೆ ತೇಲಿ, ಮೆಲ್ಲಗೆ ನಮ್ಮ ಮೇಲೆ ಇಳಿಯುತ್ತಿತ್ತು. ಹೊನ್ನೂರಪ್ಪ ಕಂಬಳಿ ಹಾಸುತ್ತಿದ್ದ. ಮರಿ ನಡುವೆ, ಅವನೊಂದು ಬದಿ, ನಾನೊಂದು ಬದಿ. ಅವನು ಮಾತಾಡುತ್ತಿರಲಿಲ್ಲ. ನಾನೂ ಆಡುತ್ತಿರಲಿಲ್ಲ. ಧಾರವಾಡದ ಕನಸು ಕಾಣಲು ಪ್ರಶಸ್ತವಾದ ಸ್ಥಳವೆಂದು ಕಣ್ಣು ಮುಚ್ಚುತ್ತಿದ್ದೆ. ಬೆತ್ತದ ಕುರ್ಚಿಗಳು ಬರುತ್ತಿದ್ದವು, ಆದರೆ ಅವುಗಳ ಮೇಲೆ ಈಗೀಗ ನಜೀರಸಾಬ ಕೂತಿರುತ್ತಿದ್ದ. ಇನ್ನೊಂದರಲ್ಲಿ ಓಬಳೆಪ್ಪ ಚೀಲ ಇಳಿಸಿರುತ್ತಿದ್ದ. ಮಾವಿನ ಗಿಡದ ಕೆಳಗೆ ಕುರಿಗಳು. ಇದನ್ನು ಚಹಾದ ಅತಿಸೇವನೆಯ ಪರಿಣಾಮವೆಂದು ಭಾವಿಸಿ ನಾನು ಹೆಚ್ಚು ಯೋಚಿಸಲಿಲ್ಲ.

ಅಂಥ ಒಂದು ಸಂಜೆ ಕಂಬಳಿಯ ಮೇಲೆ ಅಕ್ಕಿಕಾಳಿನಂಥ ಬಿಳಿಯದೊಂದು ಬಿದ್ದಿತ್ತು. ಮಂದಾನಿಲನ ಹಾಲುಹಲ್ಲು! ಬೆಂಕಿಪೊಟ್ಟಣದಲ್ಲಿ ಭದ್ರವಾಗಿಟ್ಟು, ಮನೆಗೆ ಬಂದು ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಬರೆದೆ: ‘ಜನವರಿ ಆರು. ಮೊದಲ ಹಾಲುಹಲ್ಲು ಬಿತ್ತು. ಬೆಳವಣಿಗೆ ತೃಪ್ತಿಕರ.’ ಕಳಕಮ್ಮನಿಗೆ ತೋರಿಸಿದೆ.

“ಖರೇನ ಬಿತ್ತೇನ್ರಿ?” ಎಂದು ಎರಡು ಸಲ ಕೇಳಿದಳು.

“ಇಲ್ನೋಡು.”

ಅಂದು ಹಬ್ಬವಿರಲಿಲ್ಲ, ಆದರೂ ಮನೆಯಲ್ಲಿ ಹೋಳಿಗೆಯಾಯಿತು. ಪ್ರಾಣಿಯ ಬೆಳವಣಿಗೆಯ ಬಗ್ಗೆ ಆಕೆಗಿದ್ದ ವೈಜ್ಞಾನಿಕ ಆಸ್ಥೆಯನ್ನು ಕಂಡು ನಾನು ಮನಸಾರೆ ಮೆಚ್ಚಿದೆ.

ಜನವರಿಯ ಕೊನೆಗೆ ವರ್ಗಾವಣೆಯ ಆದೇಶ ಬಂತು. (ತಂದವರು ಇಬ್ಬರು: ಓಬಳೆಪ್ಪ ಮತ್ತು ಆತನ ಜೊತೆಗಾರ.) ಫೆಬ್ರುವರಿಯ ಎರಡನೆಯ ಭಾನುವಾರ ಪ್ರೊಫೆಸರರು ಇಳಿದರು: ಬಿಳಿ ಧೋತರ, ಕಪ್ಪು ಕೋಟು, ಕೊಡೆ, ಎತ್ತರದ ಟೋಪಿ. ಹೊಸ್ತಿಲಲ್ಲಿಯೇ, ಮುನ್ಸೂಚನೆಯಿಲ್ಲದೆ, ಕೊಡೆಯನ್ನು ಫಟ್ಟನೆ ಬಿಚ್ಚಿದರು. ಮಂದಾನಿಲ ಬೆಲ್ಲಕ್ಕಾಗಿ ಕೂತ. ಟೋಪಿ ತೆಗೆದು ಇಟ್ಟರು, ತೆಗೆದರು, ಇಟ್ಟರು, ಬಾಲ ಆಡಿತು. ಭಯಂಕರವಾಗಿ ಕೆಮ್ಮಿದರು, ನಾಯಿ ಕನಿಕರದಿಂದ ನೋಡಿತು. ಹಿತ್ತಾಳೆಯ ತಟ್ಟೆಯನ್ನು ಕಲ್ಲಿನ ಮೇಲೆ ಬೀಳಿಸಿದರು, ಎತ್ತಿಕೊಡಲು ಹೋಯಿತು. ಕಡೆಗೆ ಅವರು ಕೈಚಾಚಲು ಮುಂಗಾಲೊಂದನ್ನು ಅವರ ಅಂಗೈಯಲ್ಲಿಟ್ಟು, ಮುಖ ಪಕ್ಕಕ್ಕೆ ತಿರುಗಿಸಿ ಸಂಕೋಚದಿಂದ ಕೂತಿತು.

“ಇದಕ್ಕಿಂತ ಒರಟು ಸಹೋದ್ಯೋಗಿಗಳ ಜೋಡಿ ನಾ ಮೂವತ್ತು ವರ್ಷ ಕಳದೇನಿ,” ಎಂದರು ಪ್ರೊಫೆಸರರು. “ಮನಿ ನಿಮ್ಮದು. ಒಂದನೇ ತಾರೀಖಿಗೆ ಬರ್ರಿ.”

ಮಾವಿನ ಗಿಡ, ಕುರ್ಚಿ, ಮೌನ, ಎಲ್ಲವೂ ಕೈಯಳತೆಗೆ ಬಂದವು. ಆಗ ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ಫಕೀರಮ್ಮ ಬಂದಿದ್ದಳು, ಕಂಕುಳಲ್ಲಿ ಮರ. ಹಿಂದೆ ನಜೀರಸಾಬ, ಓಬಳೆಪ್ಪ, ಕಂಬಳಿ ಹೊದ್ದ ಹೊನ್ನೂರಪ್ಪ.

“ವರ್ಗ ಆತಂತ, ಮಾಸ್ತರ್ರ. ಭಾಳ ಸಂತೋಷ. ಹೋಗಿ ಬರ್ರಿ,” ಎಂದಳು. “ನುಚ್ಯಾನ ಹೊದಿಕಿ, ತಾಟು ಎಲ್ಲದಾವು ಕೊಡ್ರಿ. ಒಯ್ತೀನಿ.”

“ಎಲ್ಲಿಗೆ?”

“ಎಲ್ಲಿಗೆ ಅಂದ್ರ? ನಮ್ಮನಿಗೆ. ನನ್ನ ಕೂಸನ್ನ ನೀವು ಧಾರವಾಡಕ್ಕ ಹೆಂಗ ಒಯ್ತೀರಿ? ಇಷ್ಟ ದಿನ ಸಾಕಿದ್ರಿ, ನಿಮ್ಮ ಹೊಟ್ಟಿ ತಣ್ಣಗಿರ್ಲಿ.”

ನಾನು ನಕ್ಕೆ. ಮತ್ತಾರೂ ನಗಲಿಲ್ಲ. ಪ್ರೊಫೆಸರರು ಮಾತ್ರ ಕುರ್ಚಿಯನ್ನು ಮುಂದಕ್ಕೆಳೆದು, ನಿವೃತ್ತಿಯ ನಂತರ ಮೊದಲ ಸಲ ಹಸಿವಾದವರಂತೆ ಕೋಟಿನ ತೋಳು ಸರಿಸಿದರು. ವೃತ್ತಾಂತವನ್ನೆಲ್ಲ ಕೇಳಿದರು.

“ಮೂರು ಸಲ ಕೊಟ್ಟೆ ಅಂದದ್ದು ಖರೇನ?”

“ಖರೆ. ಆದರೆ ಸರ್, ಅದು ಮೂಢನಂಬಿಕೆ.”

“ನಿಮ್ಮ ನಂಬಿಕಿ ನಾ ಕೇಳ್ಲಿಲ್ಲ. ನುಚ್ಚು ತಗೊಂಡ್ರ್ಯೋ ಇಲ್ಲೋ?”

“ಸುಮ್ಮನೆ... ಸಾಂಕೇತಿಕವಾಗಿ.”

“ಆ ನುಚ್ಚು ಈಗ ಎಲ್ಲೈತಿ?”

ಕಳಕಮ್ಮ ಬಾಗಿಲ ಮರೆಯಿಂದ ಹೇಳಿದಳು: “ಅವತ್ತ ರಾತ್ರಿ ಗಂಜಿ ಕಾಸಿದ್ನಿರಿ. ಇವರ ಉಂಡಾರ. ಎರಡು ಸಲ ನೀಡಿಸ್ಕೊಂಡ್ರು.”

“ಸಾಂಕೇತಿಕ ನುಚ್ಚಿನ ಗಂಜಿ ಉಣ್ಣಾಕ ಬರೂದಿಲ್ಲ,” ಎಂದರು ಪ್ರೊಫೆಸರರು. “ಉಂಡದ್ದು ಖರೇ ಆದ್ರ ನುಚ್ಚೂ ಖರೆ. ನುಚ್ಚು ಖರೇ ಆದ್ರ ಕೊಟ್ಟದ್ದೂ ಖರೆ. ಮುಂದ?”

ತತ್ತ್ವಕ್ಕಿಂತ ಧಾರವಾಡ ದೊಡ್ಡದೆಂದು ನನಗೆ ಆ ಕ್ಷಣದಲ್ಲಿ ಹೊಳೆಯಿತು. “ಕಳಕಮ್ಮ, ಜ್ವಾಳ ತಾ! ಐದು ಯಾಕ, ಹತ್ತು ಬೊಗಸಿ ತಾ! ಈಗ ಬಿಡಿಸ್ಕೋತೀನಿ!” ಎಂದು ಕೂಗಿದೆ.

“ಹಾಲಹಲ್ಲು ಬಿದ್ದಾವಲ್ರಿ ಮಾಸ್ತರ್ರ,” ಎಂದಳು ಫಕೀರಮ್ಮ ಮೃದುವಾಗಿ. “ಹಲ್ಲು ಬಿದ್ದ ಮ್ಯಾಲ ಬಿಡಿಸಾಕ ಬರಂಗಿಲ್ಲ. ಅವತ್ತ ಹೇಳೀನಿ.”

“ಬಿದ್ದದ್ದನ್ನ ಯಾರು ನೋಡ್ಯಾರ?”

ಕಳಕಮ್ಮ ಒಳಗಿನಿಂದ ಹಾಜರಿ ಪುಸ್ತಕವನ್ನೂ ಬೆಂಕಿಪೊಟ್ಟಣವನ್ನೂ ತಂದು ಪ್ರೊಫೆಸರರ ಮುಂದಿಟ್ಟಳು. ಅವರು ಕನ್ನಡಕ ಏರಿಸಿ ಕೆಂಪು ಶಾಯಿಯನ್ನು ಗಟ್ಟಿಯಾಗಿ ಓದಿದರು: “ಜನವರಿ ಆರು. ಮೊದಲ ಹಾಲುಹಲ್ಲು ಬಿತ್ತು. ಬೆಳವಣಿಗೆ ತೃಪ್ತಿಕರ.” ಪೊಟ್ಟಣವನ್ನು ಕಿವಿಯ ಬಳಿ ಅಲ್ಲಾಡಿಸಿದರು. ಅದು ಸ್ಪಷ್ಟವಾಗಿ ಸಾಕ್ಷಿ ನುಡಿಯಿತು.

“ಅಕ್ಷರ ಛಲೋ ಅದಾವ ನಿಮ್ಮವು,” ಎಂದು ಪುಸ್ತಕ ಮುಚ್ಚಿದರು.

ಕೊನೆಯ ಆಸೆಯಿಂದ ನಾನು ಕರೆದೆ: “ಮಂದಾನಿಲ!” ಆ ನಾಯಿ ಎದ್ದು ಬಂದು, ಹೊಸ ಅತಿಥಿಗಳಿಗೆ ಕೊಡುವಂತೆ ಮುಂಗಾಲನ್ನು ನನ್ನ ಅಂಗೈಯಲ್ಲಿಟ್ಟು, ಮುಖ ಪಕ್ಕಕ್ಕೆ ತಿರುಗಿಸಿ ಕ್ಷಣಕಾಲ ಕೂತು, ಮರ್ಯಾದೆ ಮುಗಿಸಿ, ಫಕೀರಮ್ಮನ ಮರದ ಪಕ್ಕಕ್ಕೆ ಹೋಗಿ ಮಲಗಿತು. ನನ್ನ ಶಿಕ್ಷಣದಲ್ಲಿ ಎಲ್ಲಿಯೂ ಲೋಪವಿರಲಿಲ್ಲ.

ಎಲ್ಲರೂ ಹೋದಮೇಲೆ ಹೆಂಡತಿಯತ್ತ ತಿರುಗಿದೆ. “ನಿನಗ ಗೊತ್ತಿತ್ತು!”

“ಗೊತ್ತಿತ್ರಿ. ಐದು ಬೊಗಸಿ ಜ್ವಾಳ ಹಸನ ಮಾಡಿ ಡಬ್ಬ್ಯಾಗ ತೆಗೆದಿಟ್ಟಿದ್ದೆ. ನಮ್ಮ ಮನಿಯಿಂದ ಒಂದು ಕಾಳೂ ಬೀಳಂಗಿಲ್ಲ ಅಂತ ನೀವ ಭಾಷಣ ಮಾಡಿದ್ರಿ. ಗಂಡನ ಮಾತು ಮೀರಬಾರದಂತ ಸುಮ್ಮನಾದೆ.” (ಮದುವೆಯಾದಂದಿನಿಂದ ಆಕೆ ನನ್ನ ಮಾತು ಮೀರದಿದ್ದ ಏಕೈಕ ಪ್ರಸಂಗ ಇದು.) “ಇನ್ನ ನಾಯಿ ಇಲ್ಲದ ನಾ ಬರಂಗಿಲ್ಲ ಅಂತ ಮೊದಲ ಹೇಳೀನಿ. ಧಾರವಾಡಕ್ಕ ನೀವು ಒಬ್ಬರ ಹೋಗ್ತೀರೇನು? ಬುತ್ತಿ ಕಟ್ಲಿ?”

ವರ್ಗಾವಣೆಯನ್ನು ರದ್ದುಗೊಳಿಸಬೇಕೆಂದು ಅರ್ಜಿ ಬರೆದ ದಿನವೇ ನನಗೆ ಜ್ವರ ಬಂತು. ಎರಡು ದಿನ ಗಂಜಿ ಬೇಡ, ಮಾತು ಬೇಡ. ಕಣ್ಣು ಮುಚ್ಚಿದರೆ ಬರಿಯ ಕುರ್ಚಿಗಳು, ಕೂತವರಿಲ್ಲ. ಮೂರನೆಯ ದಿನ ಕಣ್ಣು ತೆರೆದಾಗ ಮಂಚದ ಸುತ್ತ ಓಣಿ ನಿಂತಿತ್ತು. ಓಬಳೆಪ್ಪ ಚೀಲ ಇಳಿಸಿದ್ದ. ನಜೀರಸಾಬ ಫ್ಲಾಸ್ಕಿನಲ್ಲಿ ಚಹಾ ತಂದಿದ್ದ. ಹೊನ್ನೂರಪ್ಪ ತನ್ನ ಕಂಬಳಿಯನ್ನು ನನ್ನ ಕಾಲ ಮೇಲೆ ಹೊದಿಸುತ್ತಿದ್ದ. ಅದರಿಂದ ಕುರಿಯ, ಎರಿ ಮಣ್ಣಿನ, ಹಾಲುಗಾಳಿನ ವಾಸನೆ ಬಂತು. ಆ ಮಂಪರಿನಲ್ಲಿ ಇವರೆಲ್ಲ ನನಗಾಗಿಯೇ ಬಂದಿದ್ದಾರೆ ಎನ್ನಿಸಿತು.

“ಮಾಸ್ತರ್ರು ಮರದಾಗ ಹಿಡ್ಯಂಗಿಲ್ಲ,” ಎನ್ನುತ್ತಿದ್ದಳು ಫಕೀರಮ್ಮ. “ಹೆಬ್ಬಟ್ಟು ಅಷ್ಟ ಇಡ್ಲಿ, ಸಾಕು.”

ನನ್ನ ಬಲಗಾಲನ್ನು ಯಾರೋ ಎತ್ತಿ ಅದರ ಹೆಬ್ಬೆರಳನ್ನು ಬಿದಿರಿನ ಅಂಚಿಗೆ ತಾಕಿಸಿದರು. ನಾನು ಪ್ರತಿಭಟಿಸಲು ಬಾಯಿ ತೆರೆದೆ. ನಜೀರಸಾಬ ಅದರೊಳಗೆ ಚಹಾ ಹಾಕಿದ. ಕಳಕಮ್ಮ ಎರಡೂ ಕೈ ಒಡ್ಡಿ ನುಚ್ಚು ತೆಗೆದುಕೊಂಡಳು. ಒಂದು ಕ್ಷಣವೂ ಯೋಚಿಸದೆ, ನನ್ನತ್ತ ನೋಡದೆ ಕೂಡ, “ಕೊಟ್ಟೆ, ಕೊಟ್ಟೆ, ಕೊಟ್ಟೆ” ಎಂದಳು.

ಮರುದಿನ ಬೆಳಿಗ್ಗೆ ಜ್ವರ ಬಿಟ್ಟಿತ್ತು. ಮಾತ್ರೆಯಿಂದ. ಇದನ್ನು ನಾನು ಈಗಲೂ ವಾದಿಸುತ್ತೇನೆ, ಸಾಮಾನ್ಯವಾಗಿ ಸಂಜೆಯ ಹೊತ್ತು, ಫಕೀರಮ್ಮನ ಕಟ್ಟೆಯ ಮೇಲೆ, ನುಚ್ಯಾನ ಪಕ್ಕದಲ್ಲಿ ಕೂತು. ಆಕೆ ಪೂರ್ತಿ ಕೇಳಿ, “ಭಾಳ ಛಲೋ ಮಾತಾಡ್ತೀರಿ” ಎನ್ನುತ್ತಾಳೆ. ಬಳಿಕ ಇಬ್ಬರಿಗೂ ಬಟ್ಟಲಲ್ಲಿ ನುಚ್ಚು ಮಜ್ಜಿಗೆ ತಂದಿಡುತ್ತಾಳೆ, ಮೊದಲು ಅದಕ್ಕೆ.

ನನ್ನನ್ನು ಬಿಡಿಸಿಕೊಳ್ಳುವ ಮಾತನ್ನು ಮೊನ್ನೆ ಒಮ್ಮೆ ಕಳಕಮ್ಮನ ಮುಂದೆ ಎತ್ತಿದೆ. ಐದು ಬೊಗಸೆ ಜೋಳ ಡಬ್ಬಿಯಲ್ಲಿ ಹಾಗೆಯೇ ಇದೆಯಂತೆ. ಆದರೆ ಗಡುವು ಎಲ್ಲರಿಗೂ ಒಂದೇ, ಹಾಲುಹಲ್ಲು ಬೀಳುವವರೆಗೆ. ನಾನು ಸುಮ್ಮನೆ ನಾಲಿಗೆಯಿಂದ ಒಮ್ಮೆ ನೋಡಿಕೊಂಡೆ. ನನ್ನವು ಬಿದ್ದು ಇಪ್ಪತ್ತೈದು ವರ್ಷವಾಗಿರಬೇಕು.